ಬಾಡಿಗೆ ಕಾರು ಅಗ್ಗವಂತೆ!

ದೊಡ್ಡ ಊರಲ್ಲಿ ಕಡಿಮೆ ಖರ್ಚಲ್ಲಿ ಸುತ್ತಾಡೋಣ ಅಂತ ಬಾಡಿಗೆ ಕಾರು ಬುಕ್ ಮಾಡಿದ್ದೆ. ಆನ್‌ಲೈನ್‌ನಲ್ಲಿ ತೋರಿಸಿದ ರೇಟು ನೋಡಿ ಖುಷಿಯೋ ಖುಷಿ. ಕೌಂಟರಿಗೆ ಹೋದ ಮೇಲೆ ಗೊತ್ತಾಯಿತು, ಅದು ಬರೀ ಕಾರಿನ ರೇಟು, ಮಿಕ್ಕಿದ್ದೆಲ್ಲ ಬೇರೆ! ವಿಮಾನ ನಿಲ್ದಾಣದಲ್ಲಿ ಗಾಡಿ ತಗೊಂಡರೆ ಅದಕ್ಕೊಂದು ಶುಲ್ಕ, ಜೊತೆಗಿರುವವರು ಓಡಿಸಿದರೆ ಅದಕ್ಕೊಂದು, ಎಷ್ಟೋ ಕಡೆ 25 ತುಂಬಿಲ್ಲ ಅಂದರೆ ವಯಸ್ಸಿಗೂ ದುಡ್ಡು.

ಡೆಪಾಸಿಟ್ ಕಥೆ ಇನ್ನೂ ಚೆಂದ. ಡೆಬಿಟ್ ಕಾರ್ಡ್ ಆಗಲ್ಲ, ಕ್ರೆಡಿಟ್ ಕಾರ್ಡೇ ಬೇಕು, ಅದೂ ಓಡಿಸುವವರ ಹೆಸರಲ್ಲೇ ಇರಬೇಕು. ಬಾಡಿಗೆಗಿಂತ ಜಾಸ್ತಿ ದುಡ್ಡನ್ನು ಅದರಲ್ಲಿ ತಡೆಹಿಡಿದು, ಕಾರು ವಾಪಸ್ ಕೊಟ್ಟು ಎಷ್ಟೋ ದಿನ ಆದ ಮೇಲೆ ನಿಧಾನಕ್ಕೆ ಬಿಟ್ಟರು. ಅಲ್ಲಿವರೆಗೆ ಊಟ ತಿಂಡಿಗೂ ಲೆಕ್ಕ ಹಾಕುತ್ತಾ ತಿರುಗಿದ್ದೇ ಬಂತು.

ಇನ್ಶೂರೆನ್ಸ್ ಇದೆಯಲ್ಲಾ ಅಂದರೆ, ಇದೆ, ಆದರೆ ಏನಾದರೂ ಆದರೆ ಮೊದಲ ಇಷ್ಟು ಮೊತ್ತ ನಿಮ್ಮದೇ, ಅದನ್ನು ಇಳಿಸಬೇಕಾದರೆ ದಿನಕ್ಕಿಷ್ಟು ಅಂತ ಇನ್ನೊಂದು ಕಟ್ಟಿ, ಅದರಲ್ಲೂ ಟೈರು, ಗಾಜು ಸೇರಲ್ವಂತೆ! ಮೊದಲು ಪೆಟ್ಟು ತಿನ್ನೋದು ಅವೇ ಅಲ್ವಾ? ಹಾಳಾಗಿ ಹೋಗಲಿ ಅಂತ ಸಹಿ ಹಾಕಿ, ಹಳೇ ಗೀರುಗಳ ವಿಡಿಯೋ ತೆಗೆಯುತ್ತಾ ಗಾಡಿ ಸುತ್ತ ಬಗ್ಗಿ ಬಗ್ಗಿ ನೋಡಿದ್ದಾಯಿತು. (ಇದನ್ನು ಮಾತ್ರ ತಪ್ಪಿಸಬೇಡಿ.)

ಇಷ್ಟೆಲ್ಲ ಆಗಿ ಕಾರು ಓಡಿಸಿದೆನಾ? ಪಾರ್ಕಿಂಗ್ ಹುಡುಕಿದೆ ಅಷ್ಟೇ. ಕಾರು ನಿಲ್ಲಿಸಿದ್ದಕ್ಕೆ ದುಡ್ಡು ಕೊಟ್ಟು ನಾನು ಮೆಟ್ರೋ ಹತ್ತಿದೆ. ಕೊನೆಗೆ ಎರಡು ಗಂಟೆ ತಡವಾಗಿ ವಾಪಸ್ ತಂದೆ. ದಿನ ಅಂದರೆ 24 ಗಂಟೆ ಸಾರ್ ಅಂತ ಇನ್ನೊಂದು ಇಡೀ ದಿನದ ಬಾಡಿಗೆ ಹಾಕಿದರು.