ಸಹಿ ಹಾಕಿ, ಆಮೇಲೆ ಒಡೆಯುತ್ತೇವೆ

ವಾದ್ಯ ಹೊತ್ತು ವಿಮಾನ ಏರಲು ಹೊರಟವರು ನಿಲ್ದಾಣದ ಕೌಂಟರಿನಲ್ಲಿ ಕೇಳಿದರೆ ಒಂದು ಕೆಂಪು ಸ್ಟಿಕ್ಕರ್ ಕೊಡುತ್ತಾರೆ. ಅದರ ಮೇಲೆ ಬಿರುಕು ಬಿಟ್ಟ ಗಾಜಿನ ಲೋಟದ ಚಿತ್ರ. 'ನಾಜೂಕು ವಸ್ತು, ಜೋಪಾನ' ಎಂದು ಅರ್ಥವಂತೆ. ಆ ಚಿತ್ರ ಬರೆದವನು ಪ್ರಾಮಾಣಿಕ ಮನುಷ್ಯ. ಲೋಟ ಹೊರಡುವಾಗ ಹೇಗಿತ್ತು ಎಂದು ಬರೆಯಲಿಲ್ಲ, ತಲುಪಿದಾಗ ಹೇಗಿರುತ್ತದೆ ಎಂದು ಬರೆದ.

ಸ್ಟಿಕ್ಕರ್ ಸುಮ್ನೆ ಸಿಗುವುದಿಲ್ಲ. ಅದರ ಜೊತೆಗೆ ಒಂದು ಚೀಟಿ ಇರುತ್ತದೆ. ಗಿಟಾರಿನವರು ಆಂಪ್, ಅಂದರೆ ಗಿಟಾರಿನ ದನಿ ಏರಿಸುವ ಪೆಟ್ಟಿಗೆ, ತಳ್ಳಿಕೊಂಡು ಬಂದರು ಎಂದಿಟ್ಟುಕೊಳ್ಳಿ. ಮಾತುಕತೆ ಹೀಗೆ ನಡೆಯುತ್ತದೆ:

"ಒಳಗೇನಿದೆ ಸರ್?"

"ಆಂಪ್ಲಿಫೈಯರ್ ಮೇಡಂ. ಒಳಗೆ ಬಲ್ಬಿನಂಥ ಗಾಜಿನ ವಾಲ್ವ್ ಇದೆ, ಸ್ವಲ್ಪ ನೋಡಿಕೊಳ್ಳಿ."

"ಒಡೆಯುತ್ತಾ?"

"ಬಿದ್ದರೆ ಒಡೆಯುತ್ತೆ."

"ಹಾಗಾದ್ರೆ ಇಲ್ಲೊಂದು ಸಹಿ ಹಾಕಿ ಸರ್."

"ಜೋಪಾನ ಮಾಡ್ತೀವಿ ಅಂತಲಾ?"

"ಅಲ್ಲ ಸರ್. ಒಡೆದ್ರೆ ನಮ್ಮನ್ನ ಕೇಳಲ್ಲ ಅಂತ."

ವಸ್ತು ನಾಜೂಕು ಎಂದು ಬಾಯಿ ಬಿಟ್ಟಿರೋ, ಅದರ ಹೊಣೆ ನಿಮ್ಮ ಹೆಗಲಿಗೆ ಬಂತು. ಬಾಯಿ ಬಿಡದೆ ಕಳಿಸಿದರೆ, ಒಡೆದ ಮೇಲೆ 'ಮೊದಲೇ ಹೇಳಬೇಕಿತ್ತಲ್ವಾ' ಎನ್ನುತ್ತಾರೆ. ಇಡೀ ಪ್ರಯಾಣದಲ್ಲಿ ಒಂದು ಗೀರೂ ಬೀಳದೆ ಕೈಯಿಂದ ಕೈಗೆ ದಾಟುವುದು ಈ ಹೊಣೆಯೊಂದೇ. ಅದನ್ನು ಸಾಗಿಸುವಷ್ಟು ಹುಷಾರಾಗಿ ಪಿಯಾನೊ ಸಾಗಿಸಿದ್ದರೆ ಲೋಕದಲ್ಲಿ ವಾದ್ಯ ರಿಪೇರಿಯವರು ಉಪವಾಸ ಬೀಳುತ್ತಿದ್ದರು.

ಕಾನೂನು ಇಲ್ಲವೇ ಎಂದರೆ, ಇದೆ. ಅಂತರರಾಷ್ಟ್ರೀಯ ಪ್ರಯಾಣಕ್ಕೆ 1999ರ ಮಾಂಟ್ರಿಯಲ್ ಒಪ್ಪಂದವಿದೆ. ಒಪ್ಪಿಸಿದ ಲಗೇಜು ಹಾಳಾದರೆ ವಿಮಾನ ಸಂಸ್ಥೆಯೇ ಹೊಣೆ ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಮುಂದಿನ ಉಸಿರಿನಲ್ಲೇ, ವಸ್ತುವಿನದೇ ದೋಷದಿಂದ ಅಥವಾ ಗುಣದಿಂದ ಹಾಳಾಗಿದ್ದರೆ ಅಷ್ಟರ ಮಟ್ಟಿಗೆ ಹೊಣೆಯಿಲ್ಲ ಎಂದೂ ಹೇಳುತ್ತದೆ. ಒಡೆಯುವುದು ಗಾಜಿನ ಹುಟ್ಟುಗುಣ, ಸೀಳುವುದು ಮರದ ಹುಟ್ಟುಗುಣ, ಇನ್ನೇನು ಬೇಕು? ಅದನ್ನೂ ವಾದ ಮಾಡಿ ಗೆದ್ದಿರಿ ಅನ್ನಿ. ಆಗಲೂ ಪರಿಹಾರಕ್ಕೆ ಒಂದು ಮೇಲ್ಮಿತಿ ಇದೆ: ಪ್ರಯಾಣಿಕರೊಬ್ಬರಿಗೆ 1,519 ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಹಣ), ಅಂದರೆ ಹೆಚ್ಚುಕಡಿಮೆ 2,000 ಡಾಲರ್. ಅದೂ 2024ರ ಡಿಸೆಂಬರ್ ಕೊನೆಗೆ ಏರಿಸಿದ ಮೇಲೆ. ನೂರಾರು ವರ್ಷ ಹಳೆಯ, ದೊಡ್ಡ ಪಿಟೀಲಿನಂಥ ಸೆಲ್ಲೋಗೂ ಅಷ್ಟೇ, ಚಪ್ಪಲಿ ತುಂಬಿದ ಸೂಟ್‌ಕೇಸಿಗೂ ಅಷ್ಟೇ. ಇಂಥ ಸಮಾನತೆ ಬೇರೆಲ್ಲೂ ನೋಡಿಲ್ಲ. ಬೆಲೆಯನ್ನು ಮೊದಲೇ ಘೋಷಿಸಿ, ಕೇಳಿದರೆ ಹೆಚ್ಚುವರಿ ಹಣ ಕಟ್ಟಿ, ಮಿತಿ ಏರಿಸಿಕೊಳ್ಳುವ ದಾರಿಯೂ ಆ ಒಪ್ಪಂದದಲ್ಲಿದೆ. ಕೌಂಟರಿನಲ್ಲಿ ಆ ಮಾತು ಎತ್ತಿ ನೋಡಿ. ಅವರು ಮೇಲಿನವರನ್ನು ಕೇಳುತ್ತಾರೆ, ಮೇಲಿನವರು ಗಡಿಯಾರ ನೋಡುತ್ತಾರೆ.

ಇನ್ನು ತೂಕ. ಎರಡು ಸ್ಪೀಕರಿನ ಒಳ್ಳೆಯ ವಾಲ್ವ್ ಆಂಪ್ 30 ಕೆಜಿ ತೂಗುತ್ತದೆ. ಅದು ಬದುಕಿ ತಲುಪಬೇಕಾದರೆ ಫ್ಲೈಟ್ ಕೇಸ್ ಬೇಕು: ದಪ್ಪ ಪ್ಲೈವುಡ್, ಅಂಚಿಗೆ ಅಲ್ಯೂಮಿನಿಯಂ ಪಟ್ಟಿ, ಮೂಲೆಗೆ ಉಕ್ಕಿನ ಗುಂಡು, ಒಳಗೆ ಫೋಮ್. ಆದರೆ ಲಗೇಜಿನ ಒಂದು ನಗ 32 ಕೆಜಿ ದಾಟಬಾರದು ಎಂಬುದು ಬಹುತೇಕ ಸಂಸ್ಥೆಗಳ ನಿಯಮ. ಹಾಗಾದರೆ ಆಂಪ್‌ಗೆ ಉಳಿಯುವ ರಕ್ಷಣೆ 2 ಕೆಜಿ. ಅದರಲ್ಲಿ ಒಂದು ಕಂಬಳಿ ಹೊದಿಸಬಹುದು, ಜಾಸ್ತಿ ಹುಷಾರಿನವರಾದರೆ ಒಂದು ಹರಕೆ ಚೀಟಿ ಕಟ್ಟಬಹುದು. ಈ ಮಿತಿ ಎತ್ತಿ ಇಡುವವರ ಸೊಂಟ ಉಳಿಯಲೆಂದು ಮಾಡಿದ್ದು, ಅದಕ್ಕೆ ನನ್ನ ತಕರಾರಿಲ್ಲ. ಸಣ್ಣ ವಿಮಾನಗಳ ಹೊಟ್ಟೆಯಲ್ಲಿ ನೆಟ್ಟಗೆ ನಿಲ್ಲಲೂ ಆಗುವುದಿಲ್ಲ. ಅವರು ಮಂಡಿಯೂರಿಕೊಂಡು, ಮುಂದಿನ ಹಾರಾಟದ ಹೊತ್ತಿನೊಳಗೆ ಅಷ್ಟೂ ಸಾಮಾನು ಒಟ್ಟಬೇಕು. ಅಲ್ಲಿ ಸ್ಟಿಕ್ಕರ್ ಓದುತ್ತ ಕೂರುವವನಿಗೆ ಸಂಬಳ ಯಾರು ಕೊಡುತ್ತಾರೆ? ಬೈಯಬೇಕಾದ್ದು ಅವನನ್ನಲ್ಲ.

32 ದಾಟಿತೋ, ಕಾರ್ಗೋಗೆ ಹೋಗಿ. ಅಲ್ಲಿ ಇನ್ನೊಂದು ಚಮತ್ಕಾರ ಕಾದಿದೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6,000ದಿಂದ ಭಾಗಿಸುತ್ತಾರೆ. ಬಂದ ಅಂಕಿ ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಬಿಲ್ಲು ಅದಕ್ಕೇ. ಡಬಲ್ ಬೇಸ್ ಎಂಬ ಆಳೆತ್ತರದ ಪಿಟೀಲಿನ ಪೆಟ್ಟಿಗೆ 200, 80, 60 ಇದೆ ಅನ್ನಿ. ಲೆಕ್ಕಕ್ಕೆ 160 ಕೆಜಿ ಆಯಿತು. ವಾದ್ಯ, ಪೆಟ್ಟಿಗೆ ಎರಡೂ ಸೇರಿ 50 ಕೆಜಿ ಇದ್ದರೆ, ಉಳಿದ 110 ಕೆಜಿ ಬರೀ ಗಾಳಿ. ವಿಮಾನ ಹಾರುವುದೇ ಗಾಳಿಯಲ್ಲಿ, ಅದಕ್ಕೆ ಮತ್ತೆ ಗಾಳಿ ಒಯ್ದದ್ದಕ್ಕೆ ನಾವು ಬಾಡಿಗೆ ಕಟ್ಟಬೇಕು.

ಇದಕ್ಕೆ ಬೇಸ್ ನುಡಿಸುವವರು ಕಂಡುಕೊಂಡ ಪರಿಹಾರ ಕೇಳಿದರೆ ಹೊಟ್ಟೆ ಚುರ್ ಎನ್ನುತ್ತದೆ. ವಾದ್ಯದ ಕತ್ತನ್ನೇ ಕಳಚಿ ಜೋಡಿಸುವಂತೆ ಮಾಡಿಸಿಕೊಳ್ಳುತ್ತಾರೆ. ಹೊಸ ವಾದ್ಯವಾದರೆ ಹಾಗೇ ಕಟ್ಟಿಸಬಹುದು, ಹಳೆಯದಾದರೆ ಕುಶಲಕರ್ಮಿ ಗರಗಸ ಹಿಡಿಯಬೇಕು. ನಿಯಮಕ್ಕೆ ವಾದ್ಯ ಹೊಂದದಿದ್ದರೆ ವಾದ್ಯದ ಕುತ್ತಿಗೆಗೆ ಗರಗಸ! ನಿಯಮದ ಕುತ್ತಿಗೆ ಮುಟ್ಟುವ ಧೈರ್ಯ ಯಾರಿಗೂ ಇಲ್ಲ.

ಅಂದ ಹಾಗೆ, ಗಿಟಾರಿನವರು ಒಂದು ವಿಷಯ ತಿಳಿದಿರಲಿ. ಪೆಟ್ಟಿಗೆ ಬಿದ್ದಾಗ ಗಿಟಾರಿನ ಹೊಟ್ಟೆ ತಟ್ಟನೆ ನಿಲ್ಲುತ್ತದೆ, ಬಿರಡೆಗಳ ಭಾರ ಹೊತ್ತ ತಲೆ ಮಾತ್ರ ಮುಂದಕ್ಕೆ ಹೋಗಿಯೇ ಹೋಗುತ್ತದೆ. ಹಾಗಾಗಿ ಮುರಿಯುವುದು ಹೆಚ್ಚಾಗಿ ತಲೆ ಮತ್ತು ಕತ್ತು ಕೂಡುವ ಜಾಗ. ಹೊರಗೆ ಹತ್ತು ಸ್ಟಿಕ್ಕರ್ ಅಂಟಿಸುವ ಬದಲು ಒಳಗೆ ತಲೆಯ ಕೆಳಗೆ, ಸುತ್ತಮುತ್ತ ಬಟ್ಟೆ ತುರುಕಿ. ಮುಚ್ಚಳ ಹಾಕಿ ಅಲ್ಲಾಡಿಸಿದರೆ ಏನೂ ಕದಲಬಾರದು. ಆಂಪಿನ ವಾಲ್ವ್‌ಗಳನ್ನು ಬಿಚ್ಚಿ, ಸುತ್ತಿ, ಕೈಚೀಲದಲ್ಲಿ ಇಟ್ಟುಕೊಳ್ಳಿ. ತಪಾಸಣೆಯಲ್ಲಿ 'ಇದೇನು ಬಲ್ಬಾ?' ಎಂದು ಕೇಳುತ್ತಾರೆ. ಹೌದು ಅಂದುಬಿಡಿ.

ಇಷ್ಟೆಲ್ಲ ಬೇಡ, ವಾದ್ಯಕ್ಕೂ ಒಂದು ಸೀಟು ಕೊಳ್ಳುತ್ತೇನೆ ಎನ್ನುವ ಸೆಲ್ಲೋ ವಾದಕರಿದ್ದಾರೆ. ಟಿಕೆಟ್ ಪೂರ್ತಿ, ಊಟ ಇಲ್ಲ. ಸಾಮಾನ್ಯವಾಗಿ ಕಿಟಕಿ ಪಕ್ಕ ಕೂರಿಸಿ ಬೆಲ್ಟ್ ಬಿಗಿಯುತ್ತಾರೆ. ಗೊರಕೆ ಹೊಡೆಯದ, ಸೀಟು ಹಿಂದಕ್ಕೆ ಬಾಗಿಸದ, ಇಳಿಯುವ ಮೊದಲೇ ಎದ್ದು ನಿಲ್ಲದ ಇಂಥ ಪ್ರಯಾಣಿಕ ಎಲ್ಲಿ ಸಿಗುತ್ತಾನೆ? ಅಮೆರಿಕದ ಹೆಸರಾಂತ ವಾದಕ ಲಿನ್ ಹ್ಯಾರೆಲ್ ಹೀಗೆ ಟಿಕೆಟ್ ಕೊಂಡೂ ಕೊಂಡೂ, ಸೆಲ್ಲೋ ಹೆಸರಿನಲ್ಲೂ ಹಾರಾಟಕ್ಕೆ ಪಾಯಿಂಟ್ ಕೊಡುವ ಮೈಲೇಜ್ ಖಾತೆ ಇಟ್ಟಿದ್ದರು. ದುಡ್ಡು ಕೊಟ್ಟವರು ಪಾಯಿಂಟ್ ಕೇಳುವುದು ನ್ಯಾಯ ತಾನೇ? 2012ರಲ್ಲಿ ಡೆಲ್ಟಾ ವಿಮಾನ ಸಂಸ್ಥೆ ಸೆಲ್ಲೋವಿನ ಖಾತೆಯ ಜೊತೆಗೆ ಹ್ಯಾರೆಲ್ ಅವರ ಖಾತೆಯನ್ನೂ ಮುಚ್ಚಿತು. ಟಿಕೆಟ್ ಮಾರುವಾಗ ಪ್ರಯಾಣಿಕ, ಪಾಯಿಂಟ್ ಕೊಡುವಾಗ ಕಟ್ಟಿಗೆ.

ಸ್ವಂತ ವಿಮಾನ ಇಟ್ಟುಕೊಂಡರೆ? ಐರನ್ ಮೇಡನ್ ಎಂಬ ಬ್ಯಾಂಡ್ ಅದನ್ನೂ ಮಾಡಿತು. ಇಡೀ ಬೋಯಿಂಗನ್ನೇ ಬಾಡಿಗೆಗೆ ಹಿಡಿದರು, ನಡೆಸಲು ಗಾಯಕ ಬ್ರೂಸ್ ಡಿಕಿನ್ಸನ್ ಅವರೇ ಕೂತರು. ಉಳಿದ ಸಂಗೀತಗಾರರು ಇನ್ನೊಬ್ಬರು ಒಡೆದದ್ದನ್ನು ಹುಡುಕಿಕೊಂಡು ಅಲೆಯಬೇಕು.

ಡೇವ್ ಕ್ಯಾರೊಲ್ ಅಲೆದದ್ದು ಹಾಗೇ. ಕೆನಡಾದ ಈ ಗಾಯಕ 2008ರಲ್ಲಿ ಯುನೈಟೆಡ್ ವಿಮಾನದಲ್ಲಿ ಹೋಗುವಾಗ, ಶಿಕಾಗೋದಲ್ಲಿ ಹೊರಗೆ ಗಿಟಾರ್ ಎಸೆಯುತ್ತಿದ್ದಾರೆ ಎಂದು ಸಹಪ್ರಯಾಣಿಕರೊಬ್ಬರು ಹೇಳಿದ್ದು ಕೇಳಿಸಿತು. ಅವರ 3,500 ಡಾಲರಿನ, ಟೇಲರ್ ಕಂಪನಿಯ ಗಿಟಾರ್ ಮುರಿದಿತ್ತು. ರಿಪೇರಿಗೆ 1,200 ಡಾಲರ್. ತಿಂಗಳುಗಟ್ಟಲೆ ಅಲ್ಲಿಂದಿಲ್ಲಿಗೆ ಅಲೆಸಿ, ಕೊನೆಗೆ ಕೊಟ್ಟ ಉತ್ತರ: 24 ಗಂಟೆಯೊಳಗೆ ದೂರು ಕೊಟ್ಟಿಲ್ಲ, ಆದ್ದರಿಂದ ಇಲ್ಲ. ಅವರು 2009ರಲ್ಲಿ ಅದರ ಮೇಲೊಂದು ಹಾಡು ಕಟ್ಟಿ ಯೂಟ್ಯೂಬಿಗೆ ಹಾಕಿದರು. ಲಕ್ಷಗಟ್ಟಲೆ ಜನ ನೋಡಿ ನಕ್ಕರು. ಆಗ ಸಂಸ್ಥೆಗೆ ಜ್ಞಾನೋದಯವಾಗಿ, ಆ ವಿಡಿಯೊವನ್ನು ತಮ್ಮ ಸಿಬ್ಬಂದಿಯ ತರಬೇತಿಗೆ ಬಳಸುತ್ತೇವೆ ಎಂದಿತು.

ಆದ್ದರಿಂದ ದೂರಿನ ಅರ್ಜಿಯನ್ನು ರಾಗ ಹಾಕಿ ಬರೆಯುವುದು ಒಳ್ಳೆಯದು. ಅದಕ್ಕೆ ಇನ್ನೊಂದು ಗಿಟಾರ್ ಬೇಕಾಗುತ್ತದೆ. ಅದನ್ನು ಮನೆಯಲ್ಲೇ ಬಿಟ್ಟು ಹೋಗಿ.