ಕಾರಿಗೊಂದು ಮೂಗುದಾರ

ಕೆನಡಾದ ವಿನಿಪೆಗ್‌ಗೆ ಬಂದ ಹೊಸತು. ನಿಲ್ಲಿಸಿದ ಕಾರುಗಳ ಮೂತಿಯಿಂದ ಒಂದೊಂದು ವೈರು ನೇತಾಡುತ್ತಿತ್ತು, ತುದಿಗೆ ಪ್ಲಗ್ಗು. "ಇಲ್ಲಿ ಎಲ್ಲರದ್ದೂ ಎಲೆಕ್ಟ್ರಿಕ್ ಕಾರು ಅಮ್ಮಾ" ಎಂದು ತೀರ್ಥಹಳ್ಳಿಗೆ ಫೋನ್ ಮಾಡಿ ಜಂಬ ಕೊಚ್ಚಿದೆ.

ನಿಜ ಗೊತ್ತಾಗಿದ್ದು ಜನವರಿಯಲ್ಲಿ. ಹೊರಗೆ ಮೈನಸ್ 35. ನನ್ನ ಕಾರು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಆ ವೈರು ಇಂಜಿನ್ ಬೆಚ್ಚಗಿಡುವ ಬ್ಲಾಕ್ ಹೀಟರಿನದಂತೆ. ರಾತ್ರಿ ಪ್ಲಗ್ ಹಾಕದಿದ್ದರೆ ಆಯಿಲ್ ಜೋನಿಬೆಲ್ಲದ ಹಾಗೆ ಮಂದವಾಗಿ ಕೂರುತ್ತದೆ.

"ಮೂಗುದಾರ ಅನ್ನು! ಸಂಜೆ ಕಟ್ಟೋದು, ಬೆಳಗ್ಗೆ ಬಿಚ್ಚೋದು" ಅಂದಳು ಅಮ್ಮ.

ಕಟ್ಟೋದು ಕಲಿತೆ. ಬಿಚ್ಚೋದು ಒಂದು ದಿನ ಮರೆತೆ. ಸಿಗ್ನಲ್‌ನಲ್ಲಿ ಪಕ್ಕದ ಕಾರಿನವರು ಕಿಟಕಿ ಇಳಿಸಿ ಏನೋ ಸನ್ನೆ ಮಾಡಿದರು. ಆ ಚಳಿಯಲ್ಲಿ ಕಿಟಕಿ ಇಳಿಸುವವರು ಪುಣ್ಯಾತ್ಮರೇ ಇರಬೇಕು. ನಾನೂ ಕೈಬೀಸಿದೆ. ಆಫೀಸು ಮುಟ್ಟಿದ ಮೇಲೆ ನೋಡಿದರೆ, ಮನೆಯ ಎಕ್ಸ್‌ಟೆನ್ಷನ್ ವೈರು ಬಾಲದ ಹಾಗೆ ಹಿಂದೆ ಬಂದಿದೆ.

ಫೆಬ್ರವರಿಯಲ್ಲಿ ಗೆಳೆಯನನ್ನು ನೋಡಲು ಕ್ಯಾಲ್ಗರಿಗೆ ಹೋದೆ. ಈರುಳ್ಳಿಯ ಹಾಗೆ ಪದರ ಪದರವಾಗಿ ಬಟ್ಟೆ ಹಾಕಿಕೊಂಡಿದ್ದೆ. ಬೆಳಗ್ಗೆ ಅದೂ ಸಾಲಲಿಲ್ಲ. ಮಧ್ಯಾಹ್ನ ರಸ್ತೆ ಮೇಲೆಲ್ಲ ನೀರು, ನನ್ನ ಬೆನ್ನ ಮೇಲೂ ನೀರು. ಚಿನೂಕ್ ಬೀಸಿತ್ತು. ರಾಕಿ ಪರ್ವತ ಇಳಿಯುತ್ತ ಬಿಸಿಯಾಗುವ ಒಣ ಗಾಳಿ ಅದು. ಕೆಲವೇ ಗಂಟೆಗಳಲ್ಲಿ 20 ಡಿಗ್ರಿ ಏರಿಸಬಲ್ಲದು. ಒಂದೊಂದೇ ಪದರ ಬಿಚ್ಚಿ ಗೆಳೆಯನ ಸೋಫಾ ಮೇಲೆ ಎಸೆದೆ. ರಾತ್ರಿ ವಿನಿಪೆಗ್‌ನಲ್ಲಿ ವಿಮಾನ ಇಳಿದಾಗ ಮೈನಸ್ 28. ಮೈಮೇಲೆ ಒಂದು ಷರಟು. ಜಾಕೆಟ್ಟು ಇನ್ನೂ ಸೋಫಾ ಮೇಲೆ.

ಇದನ್ನೆಲ್ಲ ಹೇಳಿದರೆ ಅಮ್ಮ ನಂಬಬೇಕಲ್ಲ. ಅದೇ ವಾರ ನೆಂಟರ ಹುಡುಗಿಯೊಬ್ಬಳು ಕೆನಡಾದ್ದೇ ಇನ್ನೊಂದು ಊರು ವಿಕ್ಟೋರಿಯಾದಿಂದ ಫೋಟೋ ಕಳಿಸಿದ್ದಳು. ಮರದ ತುಂಬ ಹೂವು! ಆ ಊರವರು ಚಳಿಗಾಲ ಮುಗಿಯುವ ಮೊದಲೇ ಹೂ ಎಣಿಸಲು ಕೂರುತ್ತಾರೆ. ಉಳಿದ ಕೆನಡಾದವರ ಹೊಟ್ಟೆ ಉರಿಸಲಿಕ್ಕೇ ಇರಬೇಕು.

"ಮೊದಲು ಎಲೆಕ್ಟ್ರಿಕ್ ಕಾರು ಅಂದೆ. ಆಮೇಲೆ ಚಳಿ ಅಂದೆ, ಸೆಕೆ ಅಂದೆ. ಈಗ ನೋಡಿದ್ರೆ ಅಲ್ಲಿ ಹೂ ಬಿಟ್ಟಿದೆ. ಎಷ್ಟು ಸುಳ್ಳು ಹೇಳ್ತೀಯೋ?"

"ಅಮ್ಮಾ, ಅವಳಿರೋದು ಪೆಸಿಫಿಕ್ ಸಮುದ್ರದ ನಡುಗಡ್ಡೆಯಲ್ಲಿ, ಸಮುದ್ರ ಅವಳನ್ನ ಬೆಚ್ಚಗಿಡತ್ತೆ. ನಾನಿರೋದು ಬಯಲಿನ ಮಧ್ಯೆ. ಉತ್ತರ ಧ್ರುವದ ಗಾಳಿಗೆ ಅಡ್ಡ ಒಂದು ಗುಡ್ಡ ಕೂಡ ಇಲ್ಲ. ನಮ್ಮಿಬ್ಬರ ನಡುವೆ ಎರಡು ಪ್ರಾಂತ್ಯ ಇದೆ."

"ಒಂದೇ ದೇಶ ತಾನೇ?"

"ಆಗುಂಬೆಯಲ್ಲಿ ಮಳೆ ಬಂದ್ರೆ ರಾಯಚೂರಿನಲ್ಲಿ ಕೊಡೆ ಬಿಡಿಸ್ತಾರಾ?"

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅಂತೂ ಗೆದ್ದೆ ಅಂದುಕೊಂಡೆ.

"ರಾಯಚೂರಿನಲ್ಲಿ ಬಿಸಿಲಿಗೆ ಬಿಡಿಸ್ತಾರೆ ಕಣೋ. ಹೋಗು, ಕಾರು ಕಟ್ಟಿ ಮಲಗು."