ಜಾಗ ಸಾಲದು ಸ್ವಾಮಿ!

ಬೆಂಗಳೂರಿನಲ್ಲಿ ಸರ್ಕಾರಕ್ಕೆ ಒಂದು ಹಳೇ ಕಾಯಿಲೆ ಇದೆ. ಎಷ್ಟು ದೊಡ್ಡ ಕಟ್ಟಡ ಕಟ್ಟಿಕೊಂಡರೂ ಜಾಗ ಸಾಲುವುದೇ ಇಲ್ಲ.

ಮೊದಲು ಕಚೇರಿ ಇದ್ದದ್ದು ಟಿಪ್ಪುವಿನ ಬೇಸಿಗೆ ಅರಮನೆಯಲ್ಲಿ. ಸುಲ್ತಾನರು ತಂಪಿಗೆಂದು ಕಟ್ಟಿಸಿದ ಜಾಗದಲ್ಲಿ ಬ್ರಿಟಿಷರ ಗುಮಾಸ್ತರು ಕೂತು ಕಡತಕ್ಕೆ ದಾರ ಕಟ್ಟುತ್ತಿದ್ದರು. ಕಡತ ಜಾಸ್ತಿ ಆಯಿತು. 1868ರಲ್ಲಿ ಎರಡಂತಸ್ತಿನ ಕೆಂಪು ಕಟ್ಟಡ ಎದ್ದಿತು. ಹದಿನೆಂಟು ಇಲಾಖೆ ಒಂದೇ ಸೂರಿನಡಿ ಬಂದವು, ಜನ ‘ಅಠಾರ ಕಚೇರಿ’ ಅಂದರು.

ಬರೀ ಹದಿನೆಂಟು! ಇವತ್ತು ಹದಿನೆಂಟೇ ಖಾತೆ ಅಂದರೆ ಅತೃಪ್ತ ಶಾಸಕರು ಆವತ್ತೇ ರೆಸಾರ್ಟಿಗೆ ಬಸ್ಸು ಹತ್ತುತ್ತಾರೆ.

ಕಾಯಿಲೆ ಮತ್ತೆ ಮರುಕಳಿಸಿತು. ಕೆಂಗಲ್ ಹನುಮಂತಯ್ಯನವರು ಎದುರಿಗೇ ವಿಧಾನಸೌಧ ಕಟ್ಟಿಸಿದರು. 1956ರಲ್ಲಿ ಮುಗಿಯಿತು. ಅದೂ ಸಾಲದೆ ಬಹುಮಹಡಿ ಕಟ್ಟಡ, ಅದೂ ಸಾಲದೆ 2005ರಲ್ಲಿ ವಿಧಾನಸೌಧದ್ದೇ ಅಚ್ಚಿನಲ್ಲಿ ವಿಕಾಸಸೌಧ. ಆದರೂ ಸರ್ಕಾರಿ ಕಚೇರಿಯ ಯಾವ ಕಾರಿಡಾರಿಗೆ ಹೋದರೂ ಗೋಡೆಗುಂಟ ಕಬ್ಬಿಣದ ಬೀರು. ಬೀರು ತುಂಬಿ ಅದರ ನೆತ್ತಿಯ ಮೇಲೆ ಬಟ್ಟೆ ಸುತ್ತಿದ ಗಂಟು. ಒಳಗೆ ಟವೆಲ್ ಹೊದ್ದ ಖಾಲಿ ಕುರ್ಚಿ. ‘ಸಾಹೇಬ್ರು ಮೀಟಿಂಗ್‌ನಲ್ಲಿದಾರೆ, ನಾಳೆ ಬನ್ನಿ.’ ಮನುಷ್ಯರಿಲ್ಲದ ಜಾಗದಲ್ಲೂ ಜಾಗ ಸಾಲುವುದಿಲ್ಲ ಅಂದರೆ ಸುಮ್ನೆ ಮಾತಾ?

ಇಲಾಖೆಗಳೇನೋ ರಸ್ತೆ ದಾಟಿ ಹೋದವು. ಕೆಂಪು ಕಟ್ಟಡದಲ್ಲಿ ಹೈಕೋರ್ಟ್ ಉಳಿಯಿತು. 1982ರಲ್ಲಿ ಸರ್ಕಾರ ಆ ಕಟ್ಟಡವನ್ನೇ ಕೆಡವಲು ಹೊರಟಿತು. ಜನ ಸುಮ್ಮನಿರಲಿಲ್ಲ, ಕೋರ್ಟಿಗೆ ಹೋದರು. ಯಾವ ಕೋರ್ಟಿಗೆ? ಅದೇ ಕಟ್ಟಡದ ಒಳಗಿದ್ದ ಕೋರ್ಟಿಗೆ! ಕೆಡವಬೇಕಾದ ಚಾವಣಿಯ ಕೆಳಗೇ ನಿಂತು ವಕೀಲರು ವಾದ ಮಾಡಿದರು, ಫ್ಯಾನೂ ಪಕ್ಷಪಾತವಿಲ್ಲದೆ ಇಬ್ಬರಿಗೂ ಗಾಳಿ ಬೀಸಿರಬೇಕು. ಸರ್ಕಾರವೇನಾದರೂ ಮರುದಿನವೇ ಹಾರೆ ಹಿಡಿದಿದ್ದರೆ, ತೀರ್ಪಿನ ನಕಲು ಪಡೆಯಲು ಕಕ್ಷಿದಾರರು ಯಾವ ಕಲ್ಲುರಾಶಿಯ ಮುಂದೆ ಅರ್ಜಿ ಹಿಡಿದು ನಿಲ್ಲಬೇಕಿತ್ತು? ಕೊನೆಗೆ ಕಟ್ಟಡ ಉಳಿಯಿತು. ನಮ್ಮ ಸರ್ಕಾರ ಕೆಡವುವ ಕೆಲಸವನ್ನೂ ಮುಗಿಸಲಿಲ್ಲ ಅಂತ ಮೊದಲ ಬಾರಿಗೆ ಊರು ಖುಷಿಪಟ್ಟಿತು.

ಕಟ್ಟಡವೇನೋ ಬಚಾವಾಯಿತು, ಅದರ ಮುಂದೆ ದಶಕಗಳಿಂದ ಪ್ರತಿಮೆಯಾಗಿ ಕುದುರೆ ಮೇಲೆ ಕೂತಿದ್ದ, ಒಂದು ಕಾಲದ ಮೈಸೂರಿನ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಸಾಹೇಬರು ಬಚಾವಾಗಲಿಲ್ಲ. ಪಾಪ, ಈ ಕಚೇರಿಯಲ್ಲಿ ಒಂದು ದಿನವೂ ಸಹಿ ಹಾಕಿದವರಲ್ಲ. ಅದು ಏಳುವ ಮೊದಲೇ, 1861ರಲ್ಲಿ ತೀರಿಕೊಂಡಿದ್ದರು. ಒಂದು ಹೆಜ್ಜೆಯೂ ಅಲುಗದ ಆ ಕಂಚಿನ ಕುದುರೆಯಿಂದ 2020ರಲ್ಲಿ ಭದ್ರತೆಗೆ ತೊಂದರೆ ಕಾಣಿಸಿತು. ಕುದುರೆ ಸಮೇತ ಕಬ್ಬನ್ ಪಾರ್ಕಿಗೆ ವರ್ಗ. ಟಿಎ, ಡಿಎ ಮಂಜೂರಾಯಿತೋ ಇಲ್ಲವೋ, ಆ ಕಡತ ಯಾವ ಸೌಧದ ಯಾವ ಬೀರುವಿನ ನೆತ್ತಿಯ ಮೇಲಿದೆಯೋ!